ಪಿ.ಬಿ. ಶ್ರೀನಿವಾಸ್ ‘ಹಿಟ್ಸ್’: ಒಂದೇ ಕಂಠ, ಹಲವು ಸಂಪುಟ

ಬೆಂಗಳೂರಿನಿಂದ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ, ಗೊರಗುಂಟೆಪಾಳ್ಯದ ಸಮೀಪ ಕಂಠೀರವ ಸ್ಟುಡಿಯೊ ಇದೆ. ವರನಟ ಡಾ. ರಾಜ್‌ಕುಮಾರ್ ಅವರ ಸಮಾಧಿ ಇರುವುದು ಇಲ್ಲಿಯೇ. ಏಪ್ರಿಲ್ 12ರ ಪುಣ್ಯತಿಥಿಯಂದು, ಏಪ್ರಿಲ್ 24ರ ಜನ್ಮದಿನದಂದು ಸಾಲುಗಟ್ಟಿ ಬರುವ ಅಭಿಮಾನಿಗಳು ‘ಅಣ್ಣಾವ್ರ ಹಾಡು’ ಎಂದು ಮೈಮರೆತು ಕೇಳುವ ಗೀತೆಗಳಲ್ಲಿ ದೊಡ್ಡದೊಂದು ಪಾಲು ಅಣ್ಣಾವ್ರು ಹಾಡಿದ್ದಲ್ಲ. ತೆರೆಯ ಮೇಲೆ ತುಟಿ ಅವರದು. ಕಂಠ ಪ್ರತಿವಾದಿ ಭಯಂಕರ ಶ್ರೀನಿವಾಸ್ ಅವರದು.

ಕನ್ನಡಿಗರ ಬಾಯಲ್ಲಿ ಅವರು ಪಿ.ಬಿ. ಶ್ರೀನಿವಾಸ್, ಇನ್ನೂ ಸಂಕ್ಷೇಪವಾಗಿ ಪಿಬಿಎಸ್. ಅರವತ್ತರ ದಶಕದ ಕನ್ನಡ ಚಿತ್ರಸಂಗೀತದಲ್ಲಿ ಅವರಷ್ಟು ವ್ಯಾಪಕವಾಗಿ ಕೇಳಿಬಂದ ಪುರುಷಕಂಠ ಮತ್ತೊಂದಿಲ್ಲ. ‘ಹಿಟ್ಸ್’, ‘ಮಧುರ ಗೀತೆಗಳು’, ‘ಹಳೆಯ ನೆನಪು’ ಎಂಬಿತ್ಯಾದಿ ತಲೆಬರಹಗಳಡಿ ಅವರ ವೃತ್ತಿಜೀವನವನ್ನು ಒಂದೆಡೆ ಕಟ್ಟಿಕೊಡುವ ಸಂಕಲನಗಳು ಗ್ರಾಮಫೋನ್ ತಟ್ಟೆಯ ಕಾಲದಿಂದ ಮೊಬೈಲ್ ಫೋನಿನ ಕಾಲದವರೆಗೆ ಒಂದಾದ ಮೇಲೊಂದರಂತೆ ಬಂದಿವೆ. ಅವುಗಳಲ್ಲಿ ಯಾವುದೂ ಪೂರ್ಣವಲ್ಲ. ಆದರೂ ಬಹುತೇಕ ಎಲ್ಲದರಲ್ಲಿಯೂ ಹದಿನೈದಿಪ್ಪತ್ತು ಹಾಡುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆ ಹಾಡುಗಳು ಯಾವುವು, ಅವೇ ಏಕೆ, ಅವುಗಳಿಂದ ಗಾಯಕನಿಗೆ ದಕ್ಕಿದ್ದೇನು ಎಂಬುದರ ವಿವರ ಇಲ್ಲಿದೆ.

ಕಾಕಿನಾಡದಿಂದ ಮದರಾಸಿಗೆ

ಶ್ರೀನಿವಾಸ್ ಜನಿಸಿದ್ದು 1930ರ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ಮನೆಮಾತು ತೆಲುಗು. ವಾಣಿಜ್ಯ ಪದವೀಧರರಾದ ಅವರು ಲೆಕ್ಕಪತ್ರದ ಹಾದಿ ಹಿಡಿಯದೆ ಹಾಡಿನ ಬೆನ್ನುಹತ್ತಿ ಮದರಾಸಿಗೆ ಬಂದರು. ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರೋದ್ಯಮಕ್ಕೆ ಆಗ ಅದೇ ರಾಜಧಾನಿ. ಕನ್ನಡ ಚಿತ್ರಗಳ ಹಾಡುಗಳು ಕೂಡ ಅಲ್ಲಿಯ ಸ್ಟುಡಿಯೊಗಳಲ್ಲಿಯೇ ಮುದ್ರಣಗೊಳ್ಳುತ್ತಿದ್ದವು. ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳ ಪರಿಚಯ ಜೆಮಿನಿ ಸ್ಟುಡಿಯೊದ ಬಾಗಿಲು ತೆರೆಯಿತು. ಆರ್.ಕೆ. ನಾರಾಯಣ್ ಅವರ ಕಾದಂಬರಿಯನ್ನು ಆಧರಿಸಿದ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ (1952) ಅವರ ಮೊದಲ ಅವಕಾಶ. ಮರುವರ್ಷವೇ ಆರ್. ನಾಗೇಂದ್ರರಾಯರ ‘ಜಾತಕಫಲ’ (1953) ಅವರನ್ನು ಕನ್ನಡಕ್ಕೆ ಕರೆತಂದಿತು.

ಆ ಹೊತ್ತಿಗೆ ದಕ್ಷಿಣ ಭಾರತದ ಚಿತ್ರಗೀತೆಯಲ್ಲಿ ಪುರುಷಕಂಠವೆಂದರೆ ರಂಗಭೂಮಿಯ ಗತ್ತು. ಧ್ವನಿವರ್ಧಕವಿಲ್ಲದ ನಾಟಕದ ಡೇರೆಯಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಂತೆ ಎತ್ತರಿಸಿ ಹಾಡುವ ರೂಢಿ ಚಿತ್ರಗಳಿಗೂ ಹರಿದುಬಂದಿತ್ತು. ಶ್ರೀನಿವಾಸ್ ಕಂಠ ಅದಕ್ಕೆ ವಿರುದ್ಧ ದಿಕ್ಕಿನದು. ಮಂದ್ರದಲ್ಲಿ ನೆಲೆನಿಂತು, ಮೈಕಿಗೆ ಹತ್ತಿರವಾಗಿ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವಷ್ಟೇ ಸದ್ದಿನಲ್ಲಿ ಅದು ಹಾಡುತ್ತಿತ್ತು. ಹಿಂದಿಯಲ್ಲಿ ತಲತ್ ಮಹಮೂದ್ ತಂದ ಬಗೆ ಇದಕ್ಕೆ ಸಮೀಪ. ಇದು ಮೈಕಿನ ಕಾಲದ ಗಾಯನ. ಹಾಗಾಗಿಯೇ ಅರವತ್ತು ವರ್ಷಗಳ ಅನಂತರ ಕಿವಿಯೊಳಗೆ ತೂರಿಸಿಕೊಳ್ಳುವ ಪುಟ್ಟ ಇಯರ್‌ಫೋನಿಗೂ ಅದು ಸಲೀಸಾಗಿ ಒಗ್ಗಿತು. ಅದೇ ಕಾಲದ ಹಲವು ದೊಡ್ಡ ಕಂಠಗಳಿಗೆ ಈ ಅದೃಷ್ಟ ಇರಲಿಲ್ಲ.

ಶರೀರಕ್ಕೊಂದು ಶಾರೀರ

‘ಬೇಡರ ಕಣ್ಣಪ್ಪ’ (1954) ಚಿತ್ರದಲ್ಲಿ ರಾಜ್‌ಕುಮಾರ್ ಅವರಿಗೆ ಕಂಠ ಕೊಟ್ಟವರು ಸಿ.ಎಸ್. ಜಯರಾಮನ್. ಅನಂತರ ಘಂಟಸಾಲ ಹಾಡಿದರು. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ್ದ ರಾಜ್‌ಕುಮಾರ್ ಸ್ವತಃ ‘ಓಹಿಲೇಶ್ವರ’ (1956) ಮತ್ತು ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಿಗೆ ಹಾಡಿದ್ದೂ ಉಂಟು. ಆದರೆ ನಾಯಕನಿಗೆ ಹೊಂದುವ ಒಂದೇ ಕಂಠ ಎಂಬುದು ಇನ್ನೂ ನಿಶ್ಚಯವಾಗಿರಲಿಲ್ಲ.

ಅದು ನಿಶ್ಚಯವಾದದ್ದು 1960ರಲ್ಲಿ. ವೈ.ಆರ್. ಸ್ವಾಮಿ ನಿರ್ದೇಶನದ ‘ಭಕ್ತ ಕನಕದಾಸ’ ಚಿತ್ರಕ್ಕೆ ಎಂ. ವೆಂಕಟರಾಜು ಸಂಗೀತ ನೀಡಿದರು. ಬಾಗಿಲು ತೆರೆಯಬೇಕೆಂದು ಹರಿಯನ್ನು ಬೇಡುವ ಕನಕದಾಸರ ಪ್ರಸಿದ್ಧ ಕೀರ್ತನೆಯನ್ನು ಶ್ರೀನಿವಾಸ್ ಹಾಡಿದ ರೀತಿ ಪ್ರೇಕ್ಷಕರ ಮನಸ್ಸಿನಲ್ಲಿ ನಾಯಕನ ಮುಖವನ್ನೂ ಗಾಯಕನ ದನಿಯನ್ನೂ ಬೆಸೆದುಬಿಟ್ಟಿತು. ಅದೇ ವರ್ಷದ ‘ದಶಾವತಾರ’ದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಸೀತೆಯನ್ನು ಕಳೆದುಕೊಂಡ ರಾಮನ ಅಳಲಿನ ಗೀತೆ ಬಂದಿತು. ಜಿ.ವಿ. ಅಯ್ಯರ್ ರಚನೆಯ ಆ ಹಾಡು ಇಂದಿಗೂ ಪಿಬಿಎಸ್ ಸಂಕಲನಗಳ ಮೊದಲ ಐದರಲ್ಲಿ ಸ್ಥಾನ ಪಡೆಯುವುದು ವಾಡಿಕೆ.

ಅಲ್ಲಿಂದ ಮುಂದಿನ ಹದಿನಾಲ್ಕು ವರ್ಷ ರಾಜ್‌ಕುಮಾರ್ ಶರೀರ, ಶ್ರೀನಿವಾಸ್ ಶಾರೀರ. ಈ ಶ್ಲೇಷೆ ಕನ್ನಡ ಚಿತ್ರರಂಗದ ಆಡುಮಾತೇ ಆಗಿಹೋಗಿದೆ. ಅಪವಾದಗಳು ಇಲ್ಲದಿಲ್ಲ. ‘ವೀರಕೇಸರಿ’ (1963) ಚಿತ್ರದ ಜನಪ್ರಿಯ ಯುಗಳಗೀತೆಯಲ್ಲಿ ಪಿ. ಸುಶೀಲಾ ಅವರಿಗೆ ಜೊತೆಯಾದವರು ಘಂಟಸಾಲ. ‘ಸತ್ಯ ಹರಿಶ್ಚಂದ್ರ’ (1965) ಚಿತ್ರದ ಹೆಸರಾಂತ ಗೀತೆಗಳೂ ಅವರವೇ. ‘ಸಂಧ್ಯಾರಾಗ’ (1966) ಚಿತ್ರಕ್ಕೆ ಪಂಡಿತ್ ಭೀಮಸೇನ ಜೋಶಿ ಅವರೇ ಹಾಡಿದರು. ರಾಜ್‌ಕುಮಾರ್ ಹೆಸರಿನ ಸಂಕಲನದಲ್ಲಿ ಇವೆಲ್ಲ ಒಟ್ಟಿಗೆ ಬರುತ್ತವೆ. ಶ್ರೀನಿವಾಸ್ ಹೆಸರಿನ ಸಂಕಲನದಲ್ಲಿ ಬರಬಾರದು. ಅಗ್ಗದ ಸಂಕಲನಗಳಲ್ಲಿ ಈ ಗೆರೆ ಅಳಿಸಿಹೋಗಿರುವುದು ಅಪರೂಪವೇನಲ್ಲ.

ಸಂಪುಟದಲ್ಲಿ ಏನಿರುತ್ತದೆ

ಸಂಕಲನಕಾರರ ಆಯ್ಕೆಯನ್ನು ಗಮನಿಸಿದರೆ ಶ್ರೀನಿವಾಸ್ ಅವರ ಕನ್ನಡ ವೃತ್ತಿಜೀವನ ಸಂಗೀತ ನಿರ್ದೇಶಕರ ಹೆಸರಿನಲ್ಲಿ ವಿಂಗಡಣೆಯಾಗುತ್ತದೆ. ಮೊದಲಿಗೆ ಜಿ.ಕೆ. ವೆಂಕಟೇಶ್. ‘ಕುಲವಧು’ (1963) ಚಿತ್ರದ ಮೃದುವಾದ ಪ್ರೇಮಗೀತೆಯಿಂದ ‘ಬಂಗಾರದ ಮನುಷ್ಯ’ (1972) ಚಿತ್ರದ ಎದೆಯುಬ್ಬಿಸುವ ಗೀತೆಯವರೆಗೆ ಈ ಜೋಡಿಯ ಹರವು ದೊಡ್ಡದು.

ವಿಜಯಭಾಸ್ಕರ್ ಜೊತೆಗಿನ ಹಾಡುಗಳು ಸಂಖ್ಯೆಯಲ್ಲಿ ಕಡಿಮೆ ಇರಬಹುದು, ತೂಕದಲ್ಲಿ ಅಲ್ಲ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ನಾಂದಿ’ (1964) ಕಿವಿ ಕೇಳದ, ಮಾತು ಬಾರದ ಹೆಣ್ಣಿನ ಬದುಕನ್ನು ಕುರಿತ ಚಿತ್ರ. ಅಂತಹ ಚಿತ್ರದಲ್ಲಿ ಮಗುವಿಗೆ ಹಾಡು ಕೇಳಿಸುವ ತಂದೆಯ ಗೀತೆಯನ್ನು ಆರ್.ಎನ್. ಜಯಗೋಪಾಲ್ ಬರೆದರು. ಶ್ರೀನಿವಾಸ್ ಅದನ್ನು ಯಾವ ಅಲಂಕಾರವೂ ಇಲ್ಲದೆ ಹಾಡಿದರು. ಅವರ ಇಡೀ ಗಾಯನದಿಂದ ಒಂದನ್ನೇ ಆರಿಸಬೇಕೆಂದರೆ ಆರಿಸಬೇಕಾದ್ದು ಇದನ್ನೇ. ‘ಅರಿಶಿನ ಕುಂಕುಮ’ (1970) ಚಿತ್ರಕ್ಕಾಗಿ ವರಕವಿ ಬೇಂದ್ರೆಯವರ ಗಂಗಾವತರಣದ ಕವಿತೆಯನ್ನು ಹಾಡಿದ್ದು ಇನ್ನೊಂದು ಎತ್ತರ. ಬೇಂದ್ರೆಯವರ ಲಯ ಧಾರವಾಡದ ನಾಲಿಗೆಗೆ ಹುಟ್ಟಿದ್ದು. ತೆಲುಗು ಮನೆಮಾತಿನ ಗಾಯಕರೊಬ್ಬರು ಆ ಪ್ರಾಸಗಳ ಪ್ರವಾಹದಲ್ಲಿ ಒಂದು ಅಕ್ಷರವೂ ಎಡವದಂತೆ ಹಾಡಿರುವುದು ಗಮನಾರ್ಹ. ಹಾಡಬೇಕಾದ ಸಾಹಿತ್ಯದ ಅರ್ಥ, ಉಚ್ಚಾರಣೆಗಳನ್ನು ಮೊದಲು ಗಟ್ಟಿಮಾಡಿಕೊಳ್ಳದೆ ಶ್ರೀನಿವಾಸ್ ಮೈಕಿನ ಮುಂದೆ ನಿಲ್ಲುತ್ತಿರಲಿಲ್ಲವೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತ. ಈ ಹಾಡನ್ನು ಕೇಳಿದರೆ ಅದನ್ನು ನಂಬಬಹುದು.

ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ (1972) ಚಿತ್ರದಲ್ಲಿ ವಿಜಯಭಾಸ್ಕರ್ ಒಂದೇ ಕಂಠದಿಂದ ಎರಡು ಭಿನ್ನ ಕೆಲಸಗಳನ್ನು ಮಾಡಿಸಿದರು. ಚಿತ್ರದುರ್ಗದ ಬಂಡೆಗಳ ನಡುವೆ ನಿಧಾನಗತಿಯಲ್ಲಿ ಓಡುವ ವಿಷ್ಣುವರ್ಧನ್‌ಗೆ ಒಂದು ಪ್ರೇಮಗೀತೆ. ಒನಕೆ ಓಬವ್ವನ ಪ್ರಸಂಗಕ್ಕೆ ಲಾವಣಿಯ ಧಾಟಿಯ ಕಥನಗೀತೆ. ಚಿ. ಉದಯಶಂಕರ್ ರಚಿಸಿದ ಎರಡನೆಯದು ಕನ್ನಡ ನಾಡಿನ ಶಾಲಾ ವಾರ್ಷಿಕೋತ್ಸವಗಳ ಖಾಯಂ ನೃತ್ಯರೂಪಕವಾಗಿ ಬೆಳೆದ ಕಥೆ ಎಲ್ಲರಿಗೂ ಗೊತ್ತಿರುವಂಥದೇ.

ರಾಜನ್-ನಾಗೇಂದ್ರ ಸೋದರರ ಪಾಲು ಮಧುರ ಗೀತೆಗಳದು. ‘ಬಂಗಾರದ ಹೂವು’ (1967), ‘ಮೇಯರ್ ಮುತ್ತಣ್ಣ’ (1969), ‘ನ್ಯಾಯವೇ ದೇವರು’ (1971), ‘ಗಂಧದ ಗುಡಿ’ (1973), ‘ಎರಡು ಕನಸು’ (1974) ಎಂದು ಪಟ್ಟಿ ಉದ್ದವಾಗುತ್ತದೆ. ಎಂ. ರಂಗರಾವ್ ಸಂಗೀತದ ‘ಸಾಕ್ಷಾತ್ಕಾರ’ (1971), ಟಿ.ಜಿ. ಲಿಂಗಪ್ಪ ಸಂಗೀತದ ‘ಬೆಟ್ಟದ ಹುಲಿ’ (1965), ‘ಎಮ್ಮೆ ತಮ್ಮಣ್ಣ’ (1966) ಇಲ್ಲದ ಸಂಕಲನ ವಿರಳ. ಈ ಹಾಡುಗಳ ಸಾಹಿತ್ಯದ ಹಿಂದೆ ಕು.ರ.ಸೀ., ಕಣಗಾಲ್ ಪ್ರಭಾಕರ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ವಿಜಯನಾರಸಿಂಹ ಅವರಂಥ ಕವಿಗಳ ಪಡೆಯೇ ಇತ್ತು. ಆದರೆ ಹೆಚ್ಚಿನ ಸಂಕಲನಗಳ ಹೊದಿಕೆಯಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ತಟ್ಟೆ, ಸುರುಳಿ, ಬಿಲ್ಲೆ

‘ಹಿಟ್’ ಯಾವುದು ಎಂಬುದನ್ನು ಶ್ರೋತೃ ಮಾತ್ರವೇ ನಿರ್ಧರಿಸುವುದಿಲ್ಲ. ಹಾಡು ಕೂರುವ ವಸ್ತುವೂ ನಿರ್ಧರಿಸುತ್ತದೆ.

78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರೂವರೆ ನಿಮಿಷ. ಚಿತ್ರದಲ್ಲಿ ಐದು ನಿಮಿಷ ಇದ್ದ ಹಾಡು ತಟ್ಟೆಗೆ ಬರುವಾಗ ಒಂದು ಚರಣವನ್ನೋ ನಡುವಿನ ವಾದ್ಯಸಂಗೀತವನ್ನೋ ಕಳೆದುಕೊಳ್ಳುತ್ತಿತ್ತು. ಮುಂದೆ ಬಂದ ಧ್ವನಿಸುರುಳಿ, ಸಿ.ಡಿ.ಗಳಿಗೆ ಆಕರವಾದದ್ದು ಬಹುಮಟ್ಟಿಗೆ ತಟ್ಟೆಗಾಗಿ ಸಿದ್ಧಪಡಿಸಿದ ಈ ಮುದ್ರಣಗಳೇ. ಆದ್ದರಿಂದ ಚಿತ್ರವನ್ನು ನೋಡಿದವರಿಗೆ ನೆನಪಿರುವ ಚರಣ ಸಂಕಲನದಲ್ಲಿ ಇಲ್ಲದಿರುವುದುಂಟು. ತಟ್ಟೆಗೆ ಏರದೇ ಹೋದ ಹಾಡುಗಳ ಪಾಡು ಇನ್ನೂ ಕಷ್ಟ. ಅವು ಉಳಿದಿರುವುದು ಚಿತ್ರದ ಪ್ರತಿಯ ಅಂಚಿನಲ್ಲಿರುವ ಧ್ವನಿಪಥದಲ್ಲಿ ಮಾತ್ರ. ಪ್ರತಿ ಹಾಳಾದರೆ ಹಾಡೂ ಹೋಯಿತು. ಅರವತ್ತರ ದಶಕದ ಕನ್ನಡ ಚಿತ್ರಗಳ ಪೈಕಿ ಒಳ್ಳೆಯ ಪ್ರತಿ ಸಿಗದಂತಹವು ಹಲವಾರಿವೆ.

ದಕ್ಷಿಣದ ಚಿತ್ರಗೀತೆಗಳ ಹಳೆಯ ಮುದ್ರಣಗಳಲ್ಲಿ ಸಿಂಹಪಾಲು ಎಚ್‌.ಎಂ.ವಿ. ಎಂದೇ ಜನ ಗುರುತಿಸುತ್ತಿದ್ದ ಗ್ರಾಮಫೋನ್ ಕಂಪನಿಯದಾಗಿತ್ತು. ಕಲ್ಕತ್ತೆಯ ಈ ಕಂಪನಿ 2000ದಲ್ಲಿ ‘ಸರೆಗಮ’ ಎಂಬ ಹೆಸರು ತಳೆಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಧ್ವನಿಸುರುಳಿ ಬಂದಾಗ ಬೆಂಗಳೂರಿಗೂ ತನ್ನದೇ ಆದ ಮಾರುಕಟ್ಟೆ ಒದಗಿತು. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಕಾಕತಾಳೀಯವೆಂಬಂತೆ, ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯ ಬದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದೂ ಅದೇ ವರ್ಷ.

ಅರವತ್ತು ನಿಮಿಷದ ಧ್ವನಿಸುರುಳಿಯ ಎರಡು ಮಗ್ಗುಲಿಗೆ ಹೆಚ್ಚೆಂದರೆ ಹದಿನಾರು ಹಾಡು. ‘ಹದಿನಾರು ಹಿಟ್ಸ್’ ಎಂಬ ಲೆಕ್ಕ ಹುಟ್ಟಿದ್ದು ಅಭಿಮಾನದಿಂದಲ್ಲ, ಸುರುಳಿಯ ಉದ್ದದಿಂದ. ಪಿಬಿಎಸ್ ಅವರ ಹದಿನಾರು ಹಾಡುಗಳ ಕಟ್ಟು ಗಟ್ಟಿಯಾದದ್ದೂ ಹೀಗೆಯೇ. ಸಂಕಲನದಲ್ಲಿದ್ದ ಹಾಡು ಬಾನುಲಿಯ ಕೋರಿಕೆಯ ಕಾರ್ಯಕ್ರಮಕ್ಕೆ ಹೋಯಿತು, ಬಾನುಲಿಯಲ್ಲಿ ಕೇಳಿದ ಹಾಡು ಮುಂದಿನ ಸಂಕಲನಕ್ಕೆ ಬಂತು. ಹೊರಗುಳಿದದ್ದು ಹೊರಗೇ ಉಳಿಯಿತು. 2000ದ ದಶಕದಲ್ಲಿ 700 ಎಂ.ಬಿ.ಯ ಎಂಪಿ3 ಬಿಲ್ಲೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಹಾಡುಗಳನ್ನು ತುಂಬುವುದು ಸಾಧ್ಯವಾದಾಗ ಮೊಟ್ಟಮೊದಲ ಬಾರಿಗೆ ಅಷ್ಟಾಗಿ ಕೇಳದ ಹಾಡುಗಳಿಗೂ ಜಾಗ ಸಿಕ್ಕಿತು. ಪಾದಚಾರಿ ಮಾರ್ಗಗಳಲ್ಲಿ ಮಾರಾಟವಾಗುತ್ತಿದ್ದ ನಕಲಿ ಬಿಲ್ಲೆಗಳೂ ಈ ಕೆಲಸದಲ್ಲಿ ಪಾಲುಗೊಂಡವು ಎಂಬುದನ್ನು ಒಪ್ಪಬೇಕು. ಹಕ್ಕುದಾರ ಕಂಪನಿಗಳು ಕಪಾಟಿನಲ್ಲಿಟ್ಟಿದ್ದನ್ನು ಅವು ಬೀದಿಗೆ ತಂದವು. ತಪ್ಪು ಚಿತ್ರದ ಹೆಸರು, ತಪ್ಪು ಗಾಯಕರ ಹೆಸರುಗಳ ಪರಂಪರೆಯೂ ಅಲ್ಲಿಂದಲೇ ದಟ್ಟವಾಯಿತು.

ಕಾರ್ಖಾನೆ ಸೀಮೆಯ ಕೇಳುಗರು

ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್, ದೂರವಾಣಿನಗರದ ಐಟಿಐ, ವಿಮಾನಪುರದ ಎಚ್‌ಎಎಲ್ ಕಾರ್ಖಾನೆಗಳ ಕನ್ನಡ ಸಂಘಗಳು ಬೆಂಗಳೂರಿನ ಹೊರವಲಯದಲ್ಲಿ ಕನ್ನಡದ ಠಾಣ್ಯಗಳಿದ್ದಂತೆ. ನಾಡಿನ ನಾನಾ ಮೂಲೆಗಳಿಂದ, ನೆರೆರಾಜ್ಯಗಳಿಂದ ಬಂದ ಕಾರ್ಮಿಕರ ನಡುವೆ ರಾಜ್ಯೋತ್ಸವವೆಂದರೆ ಧ್ವಜಾರೋಹಣ, ನಾಟಕ, ಅದಾದ ಮೇಲೆ ವಾದ್ಯಗೋಷ್ಠಿ. ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳು ಸಾವಿರಗಟ್ಟಲೆ ಬೆಳೆದಾಗ ಈ ಪದ್ಧತಿ ಅಲ್ಲಿಯ ಶೆಡ್ಡುಗಳಿಗೂ ವಾಹನ ನಿಲ್ದಾಣಗಳಿಗೂ ಹಬ್ಬಿತು. ನವೆಂಬರ್ ತಿಂಗಳ ಪೆಂಡಾಲಿನಲ್ಲಿ ‘ಗಂಧದ ಗುಡಿ’ಯ ನುಡಿಗೀತೆ ಇಲ್ಲದೆ ವಾದ್ಯಗೋಷ್ಠಿ ಆರಂಭವಾಗುವುದಿಲ್ಲ. ಓಬವ್ವನ ಹಾಡು ಇಲ್ಲದೆ ಮುಗಿಯುವುದಿಲ್ಲ. ಎರಡೂ ಶ್ರೀನಿವಾಸ್ ಹಾಡಿದವು. ನಿವೃತ್ತಿಯಾಗುವ ಕಾರ್ಮಿಕನ ಬೀಳ್ಕೊಡುಗೆಗೆ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ನಗುತ್ತಾ ಬಾಳಬೇಕೆಂದು ಹೇಳುವ, ಹುಣಸೂರು ಕೃಷ್ಣಮೂರ್ತಿ ಬರೆದ ಗೀತೆ ಒದಗಿಬರುತ್ತದೆ.

ಕಾರ್ಖಾನೆಗಳ ಸೀಮೆಗೂ ಈ ಹಾಡುಗಳಿಗೂ ಕಥೆಯ ನಂಟೂ ಇದೆ. ‘ಕಸ್ತೂರಿ ನಿವಾಸ’ (1971) ಚಿತ್ರದ ನಾಯಕ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯ. ತನ್ನಲ್ಲಿ ಕೆಲಸಕ್ಕಿದ್ದವನೇ ಎದುರಾಳಿಯಾಗಿ ಬೆಳೆದಾಗಲೂ ಕೊಡುವ ಕೈಯನ್ನು ಹಿಂತೆಗೆಯದೆ ಸರ್ವಸ್ವವನ್ನೂ ಕಳೆದುಕೊಳ್ಳುವವನು. ಉರುಳಿಸಿದರೂ ಎದ್ದು ನಿಲ್ಲುವ ಗೊಂಬೆಯನ್ನು ಹೋಲಿಕೆಯಾಗಿಟ್ಟುಕೊಂಡು ಚಿ. ಉದಯಶಂಕರ್ ಬರೆದ ಗೀತೆಯನ್ನು ಶ್ರೀನಿವಾಸ್ ಹಾಡಿದರು. ಸಣ್ಣ ಉದ್ದಿಮೆಯ ಏಳುಬೀಳುಗಳನ್ನು ಕಂಡ ಪೀಣ್ಯದಂತಹ ಕಡೆ ಈ ಹಾಡಿಗೆ ಬೇರೆ ಅರ್ಥವೇ ಹೊಳೆದರೆ ಆಶ್ಚರ್ಯವಿಲ್ಲ. ದೊರೈ-ಭಗವಾನ್ ನಿರ್ದೇಶನದ ಈ ಕಪ್ಪುಬಿಳುಪು ಚಿತ್ರ 2014ರಲ್ಲಿ ಬಣ್ಣ ಬಳಿಸಿಕೊಂಡು ಮರುಬಿಡುಗಡೆಯಾಯಿತು. ‘ಮೇಯರ್ ಮುತ್ತಣ್ಣ’ ಚಿತ್ರದ ನಾಯಕ ಹಳ್ಳಿಯಿಂದ ಬೆಂಗಳೂರಿಗೆ ಬಂದವನು. ‘ಬಂಗಾರದ ಮನುಷ್ಯ’ ಚಿತ್ರದವನು ಪೇಟೆಯ ಕಡೆ ಬೆನ್ನು ಮಾಡಿ ಮಣ್ಣಿಗೆ ಮರಳಿದವನು. ಊರು ಬಿಟ್ಟು ಬಂದ ತಲೆಮಾರಿನ ಎರಡೂ ಕನಸುಗಳಿಗೆ ಒಂದೇ ಕಂಠ ದನಿಯಾದದ್ದು ಈ ಹಾಡುಗಳ ದೀರ್ಘಾಯುಷ್ಯಕ್ಕೆ ಒಂದು ಕಾರಣವಿದ್ದೀತು.

ಐಟಿ ವಲಯದ ಕಥೆ ಸ್ವಲ್ಪ ಬೇರೆ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾಗಿ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಆರಂಭವಾದಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ನೌಕರರನ್ನು ಕರೆದೊಯ್ಯುವ ಕ್ಯಾಬುಗಳಲ್ಲಿ ಹಿಂದಿ ಹಾಡಿನದೇ ಅಬ್ಬರ. ಹಳೆಯ ಕನ್ನಡ ಹಾಡು ಬೇಕೆನ್ನುವವರಿಗೆ ಆಕಾಶವಾಣಿಯ ವಿವಿಧಭಾರತಿಯೇ ಗತಿಯಾಗಿತ್ತು. ರಾತ್ರಿಪಾಳಿಯ ಚಾಲಕರು ಡ್ಯಾಶ್‌ಬೋರ್ಡಿನಲ್ಲಿ ಧ್ವನಿಸುರುಳಿ, ಆಮೇಲೆ ಎಂಪಿ3 ಬಿಲ್ಲೆ, ಅದಾದ ಮೇಲೆ ಪೆನ್‌ಡ್ರೈವ್ ಇಟ್ಟುಕೊಂಡರು. ಮುಂದೆ ಕಂಪನಿಗಳ ಒಳಗೇ ಕನ್ನಡ ಬಳಗಗಳು ಹುಟ್ಟಿದವು, ರಾಜ್ಯೋತ್ಸವಗಳು ನಡೆದವು. ಕರೋಕೆಯ ಗೀಳು ಹಬ್ಬಿದಾಗ ಹವ್ಯಾಸಿ ಗಾಯಕರು ಮೊದಲು ಕೈಹಾಕಿದ್ದು ಪಿಬಿಎಸ್ ಹಾಡುಗಳಿಗೆ. ಶ್ರುತಿ ತಗ್ಗು, ಓಟ ನಿಧಾನ, ಹಾಡಲು ಸುಲಭವೆಂಬ ಭಾವನೆ. ಅದು ಭಾವನೆ ಮಾತ್ರವೆಂದು ಎರಡನೆಯ ಸಾಲಿಗೇ ತಿಳಿದುಬಿಡುತ್ತದೆ. ಏಕೆಂದರೆ ಅಷ್ಟು ತಗ್ಗಿನಲ್ಲಿ ದನಿ ಒಡೆಯದಂತೆ, ಉಸಿರು ಕೇಳಿಸದಂತೆ ಪದವನ್ನು ದಾಟಿಸುವುದು ಎತ್ತರದಲ್ಲಿ ಕೂಗುವುದಕ್ಕಿಂತ ಕಠಿಣ.

1974ರ ಅನಂತರ

‘ಸಂಪತ್ತಿಗೆ ಸವಾಲ್’ (1974) ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ರಾಜ್‌ಕುಮಾರ್ ಅವರಿಂದಲೇ ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ನಾಯಕ ಹಾಡುವ ಆ ಗೀತೆ ನಾಡಿನಾದ್ಯಂತ ಜಯಭೇರಿ ಬಾರಿಸಿತು. ಅಲ್ಲಿಂದಾಚೆಗೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ‘ಜೀವನ ಚೈತ್ರ’ (1992) ಚಿತ್ರದ ಗಾಯನಕ್ಕೆ ಅವರು ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಶ್ರೀನಿವಾಸ್ ಪಾಲಿಗೆ ಇದು ವೃತ್ತಿಯ ಬಹುದೊಡ್ಡ ಆಸರೆ ಕಳಚಿದಂತೆ. ಅದೇ ವರ್ಷದ ‘ಎರಡು ಕನಸು’ ಚಿತ್ರದಲ್ಲಿ ವಾಣಿ ಜಯರಾಂ ಜೊತೆಗಿನ ಯುಗಳಗೀತೆ, ಬಾಡಿದ ಬಳ್ಳಿಯನ್ನು ನೆನೆಯುವ ಏಕಾಂತಗೀತೆ ಈ ಜೋಡಿಯ ಕೊನೆಯ ದೊಡ್ಡ ಫಸಲು.

ಇಷ್ಟಾದರೂ ಇಬ್ಬರ ನಡುವಿನ ಗೌರವ ಕುಂದಲಿಲ್ಲ. ಇದನ್ನು ಚಿತ್ರರಂಗದ ಹಿರಿಯರು ಪದೇ ಪದೇ ನೆನೆದಿದ್ದಾರೆ. ಇನ್ನೊಂದೆಡೆ 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ ಚಿತ್ರದ ಮೂಲಕ ಕನ್ನಡಕ್ಕೆ ಬಂದಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹೊಸ ನಾಯಕರ ಕಂಠವಾಗಿ ಬೆಳೆಯುತ್ತಿದ್ದರು. ‘ಸೊಸೆ ತಂದ ಸೌಭಾಗ್ಯ’ (1977) ಚಿತ್ರದಲ್ಲಿ ಎಸ್. ಜಾನಕಿ ಜೊತೆಗೆ ಶ್ರೀನಿವಾಸ್ ಹಾಡಿದ, ರವಿವರ್ಮನ ಕುಂಚವನ್ನು ಹೊಗಳುವ ಗೀತೆ ಬಹುತೇಕ ಸಂಕಲನಗಳ ಕಾಲಾನುಕ್ರಮದಲ್ಲಿ ಕೊನೆಯ ಹಾಡು. ಅನಂತರದ ಮೂರು ದಶಕಗಳಿಗೆ ಸಂಕಲನಗಳಲ್ಲಿ ಸ್ಥಳವಿಲ್ಲ.

ಹಾಡಿದವನ ಹಕ್ಕು

ಇಷ್ಟೊಂದು ಸಂಕಲನಗಳು ಮಾರಾಟವಾದಾಗ ಗಾಯಕನಿಗೆ ಸಂದದ್ದೆಷ್ಟು? ಅರವತ್ತರ ದಶಕದ ಪದ್ಧತಿಯಲ್ಲಿ ಹಿನ್ನೆಲೆ ಗಾಯಕನಿಗೆ ಸಿಗುತ್ತಿದ್ದುದು ಧ್ವನಿಮುದ್ರಣದ ದಿನದ ಸಂಭಾವನೆ. ಅಲ್ಲಿಗೆ ಲೆಕ್ಕ ಚುಕ್ತಾ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಗಾಯನಕ್ಕೆ ಹಕ್ಕು ಇರಲಿಲ್ಲ. ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರ ಹಕ್ಕು ಕುರಿತ ಮೊಕದ್ದಮೆಯೊಂದರಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ನಿರ್ಮಾಪಕರ ಪರ ತೀರ್ಪಿತ್ತಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದೇ ತೀರ್ಪಿಗೆ ಟಿಪ್ಪಣಿಯೊಂದನ್ನು ಸೇರಿಸಿ, ಹಾಡಿನ ಜೀವವೇ ಆದ ಗಾಯಕನಿಗೆ ಭಾರತದ ಕಾನೂನು ಯಾವ ಹಕ್ಕನ್ನೂ ಕೊಟ್ಟಿಲ್ಲವೆಂಬ ಸಂಗತಿಯತ್ತ ಸಂಸತ್ತಿನ ಗಮನ ಸೆಳೆದರು.

ಸಂಸತ್ತು ಗಮನಿಸಲು ಹದಿನೇಳು ವರ್ಷ ಬೇಕಾಯಿತು. ಪ್ರದರ್ಶಕ ಕಲಾವಿದರ ಹಕ್ಕು ಕಾಯಿದೆಯೊಳಗೆ ಬಂದದ್ದು 1994ರ ತಿದ್ದುಪಡಿಯಿಂದ. ವಾಣಿಜ್ಯ ಬಳಕೆಯಲ್ಲಿ ಗಾಯಕರಿಗೆ ಗೌರವಧನದ ಪಾಲು ಸ್ಪಷ್ಟವಾದದ್ದು 2012ರ ತಿದ್ದುಪಡಿಯಲ್ಲಿ. ಗಾಯಕರ ಪರವಾಗಿ ಗೌರವಧನ ಸಂಗ್ರಹಿಸುವ ಸಂಘ ನೋಂದಣಿಯಾದದ್ದು 2013ರಲ್ಲಿ. ಅದೇ ವರ್ಷದ ಏಪ್ರಿಲ್ 14ರಂದು, ತಮ್ಮ 82ನೇ ವಯಸ್ಸಿನಲ್ಲಿ, ಶ್ರೀನಿವಾಸ್ ಚೆನ್ನೈಯಲ್ಲಿ ನಿಧನರಾದರು.

ಈಗ ಇನ್ನೊಂದು ತಿರುವು ಬಂದಿದೆ. ಧ್ವನಿಮುದ್ರಣದ ಕೃತಿಸ್ವಾಮ್ಯ ಪ್ರಕಟಣೆಯ ಮರುವರ್ಷದಿಂದ ಎಣಿಸಿ 60 ವರ್ಷ. ಇದರಂತೆ 1964ರಲ್ಲಿ ಹೊರಬಂದ ತಟ್ಟೆಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ‘ಕುಲವಧು’ವಿನ ಕಾಲದ ತಟ್ಟೆಗಳ ಅವಧಿ ಮುಗಿದು ಇನ್ನೂ ಒಂದು ವರ್ಷ ಹೆಚ್ಚಾಯಿತು. ಪ್ರತಿ ಜನವರಿಗೆ ಒಂದೊಂದು ವರ್ಷದ ಹಾಡುಗಳು ಹೀಗೆ ಸಾರ್ವಜನಿಕರ ಪಾಲಿಗೆ ಬರುತ್ತಿವೆ. ಆದರೆ ಅದು ಮುದ್ರಣಕ್ಕೆ ಮಾತ್ರ ಅನ್ವಯ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಕರ್ತೃವಿನ ಮರಣದ ಅನಂತರವೂ 60 ವರ್ಷ ಇರುತ್ತದೆ. ಚಿ. ಉದಯಶಂಕರ್, ಜಿ.ಕೆ. ವೆಂಕಟೇಶ್ ಇಬ್ಬರೂ ತೀರಿಕೊಂಡದ್ದು 1993ರಲ್ಲಿ. ಆದ್ದರಿಂದ ಹಳೆಯ ತಟ್ಟೆಯನ್ನು ಶುಚಿಗೊಳಿಸಿ ಹೊಸ ಸಂಕಲನ ತರಬಯಸುವವರು ಕಂಪನಿಯ ಅಪ್ಪಣೆ ಇಲ್ಲದಿದ್ದರೂ ಕವಿ, ಸಂಗೀತಗಾರರ ವಾರಸುದಾರರ ಹಕ್ಕನ್ನು ಗಮನದಲ್ಲಿಡಬೇಕಾಗುತ್ತದೆ. ಈ ಇಡೀ ಲೆಕ್ಕಾಚಾರದಲ್ಲಿ ಹಾಡಿದವನ ಹೆಸರಿನ ಅಂಕಣ ಮಾತ್ರ ಮೊದಲಿನಿಂದಲೂ ಖಾಲಿ.

ಕನ್ನಡದಾಚೆಗೆ, ಚಂದ್ರನವರೆಗೆ

ಕನ್ನಡದ ಸಂಕಲನ ತೋರಿಸುವುದು ಶ್ರೀನಿವಾಸ್ ಅವರ ಒಂದು ಮುಖವನ್ನಷ್ಟೇ. ತಮಿಳರಿಗೆ ಅವರು ಜೆಮಿನಿ ಗಣೇಶನ್ ಅವರ ಕಂಠ. ‘ಪಾವ ಮನ್ನಿಪ್ಪು’ (1961), ‘ನೆಂಜಿಲ್ ಓರ್ ಆಲಯಂ’ (1962) ಚಿತ್ರಗಳ ಹಾಡುಗಳು ಅಲ್ಲಿಯ ಮನೆಮಾತು. ಹಿಂದಿಯ ‘ಮೈ ಭೀ ಲಡ್ಕೀ ಹೂಂ’ (1964) ಚಿತ್ರದಲ್ಲಿ ಲತಾ ಮಂಗೇಶ್ಕರ್ ಜೊತೆ ಹಾಡಿದ ಯುಗಳಗೀತೆಯೂ ಉಂಟು. ಎಂಟು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. ಉರ್ದುವಿನಲ್ಲಿ ಗಜಲ್ ಕಟ್ಟುತ್ತಿದ್ದರು. ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚುವವರೆಗೂ ಜೇಬಿನ ತುಂಬ ಬಗೆಬಗೆಯ ಬಣ್ಣದ ಪೆನ್ನುಗಳನ್ನು ಸಿಕ್ಕಿಸಿಕೊಂಡು ಅಲ್ಲಿಯ ಮೇಜಿನ ಮುಂದೆ ಬರೆಯುತ್ತಾ ಕುಳಿತಿರುತ್ತಿದ್ದ ಅವರನ್ನು ಕಂಡವರು ಅನೇಕರು. ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ, ತಮಿಳುನಾಡಿನ ಕಲೈಮಾಮಣಿ ಗೌರವಗಳು ಅವರಿಗೆ ಸಂದಿವೆ.

ಅರವತ್ತರ ದಶಕದ ಪಾಪ್ ಸಂಗೀತದ ಗಾಳಿ ಅವರನ್ನೂ ಒಮ್ಮೆ ಸೋಕಿತ್ತು. 1969ರಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟಾಗ ಶ್ರೀನಿವಾಸ್ ಇಂಗ್ಲಿಷಿನಲ್ಲಿ ಎರಡು ಹಾಡುಗಳನ್ನು ಬರೆದರು. ‘ಮ್ಯಾನ್ ಟು ಮೂನ್’ ಒಂದು, ‘ಮೂನ್ ಟು ಗಾಡ್’ ಇನ್ನೊಂದು. ಎಂ.ಎಸ್. ಶ್ರೀರಾಂ ಸ್ವರ ಸಂಯೋಜಿಸಿದರು. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿ ತಟ್ಟೆಯಾಗಿ ಹೊರತಂದರು. ‘ಮೇಯರ್ ಮುತ್ತಣ್ಣ’ನ ಹಾಡುಗಳು ಬಂದ ವರ್ಷವೇ ಇದೂ ಬಂದದ್ದು. ಕನ್ನಡದ ಹಿಟ್ಸ್ ಸಂಕಲನಗಳಲ್ಲಿ ಇಂತಹವಕ್ಕೆ ಎಡೆ ಇಲ್ಲ.

ಅವರ ಕಂಠ ಕೊನೆಯದಾಗಿ ದೊಡ್ಡ ಶ್ರೋತೃಸಮೂಹವನ್ನು ತಲುಪಿದ ಗೀತೆಗಳಲ್ಲೊಂದು ಸೆಲ್ವರಾಘವನ್ ನಿರ್ದೇಶನದ ತಮಿಳು ಚಿತ್ರ ‘ಆಯಿರತ್ತಿಲ್ ಒರುವನ್’ (2010) ಗಾಗಿ, ಬಾಂಬೆ ಜಯಶ್ರೀ ಜೊತೆ ಹಾಡಿದ್ದು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ಸಂಗೀತ ನಿರ್ದೇಶಕ ಜಿ.ವಿ. ಪ್ರಕಾಶ್ ಕುಮಾರ್ ಹುಟ್ಟುವ ಮೊದಲೇ ‘ಸೊಸೆ ತಂದ ಸೌಭಾಗ್ಯ’ ಬಿಡುಗಡೆಯಾಗಿ ಹತ್ತು ವರ್ಷ ಕಳೆದಿತ್ತು.